ಮಾಗಿದ ಮುಖದ ಅಲಂಕಾರ

ಕಾಲೇಜಿನಲ್ಲಿ ಪಾಠ ಹೇಳುವವರು ಮುಖಕ್ಕೆ ಪೌಡರು ಹಚ್ಚುವ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಲ್ಲಿ ಕೆಲವರಾದರೂ ನಕ್ಕಾರು. ಅದರಲ್ಲಿಯೂ ನಾವು ಆರಿಸಿಕೊಂಡಿರುವುದು ತರುಣಿಯರ ಅಲಂಕಾರವನ್ನಲ್ಲ, ಐವತ್ತು ಅರವತ್ತನ್ನು ದಾಟಿದವರ ಅಲಂಕಾರವನ್ನು. “ಈ ವಯಸ್ಸಿನಲ್ಲಿ ಇವರಿಗೇಕೆ ಈ ಶೋಕಿ?” ಎಂಬ ಮಾತು ನಮ್ಮ ಮನೆಗಳಲ್ಲಿ ಅಪರೂಪವೇನೂ ಅಲ್ಲ. ಸೊಸೆ ಕನ್ನಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಹಜ. ಅತ್ತೆ ಐದು ನಿಮಿಷ ನಿಂತರೆ ನಗೆಪಾಟಲು. ಗಂಡನನ್ನು ಕಳೆದುಕೊಂಡವಳಾದರಂತೂ ನಗೆಯಲ್ಲ, ನಿಷ್ಠುರವೇ ಕಾದಿರುತ್ತದೆ. ಈ ಕಟ್ಟಳೆ ಯಾವ ನ್ಯಾಯದ ಮೇಲೆ ನಿಂತಿದೆಯೆಂಬುದು ನಮಗೆ ಅರ್ಥವಾಗದು. ನಮ್ಮ ಹಿಂದಿನವರು ಇಷ್ಟು ಬಿಗಿಯಾಗಿದ್ದಂತೆ ತೋರುವುದಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿಯ ಅಧ್ಯಾಯದಲ್ಲಿ ನರೆಗೂದಲಿಗೆ ಬಣ್ಣ ಕಟ್ಟುವ ಕ್ರಮವನ್ನು ಹೇಳಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಅಭ್ಯಂಗ, ವಿಲೇಪನಗಳನ್ನು ಅರಸನ ಭೋಗಗಳಲ್ಲಿ ಎಣಿಸಿ ವರ್ಣಿಸಿದ್ದಾನೆ. ಅರಸನಿಗೆ ಸಲ್ಲುವುದು ಅಜ್ಜಿಗೆ ಸಲ್ಲಬಾರದೆ?

ಮೊದಲು ಚರ್ಮದ ಸಂಗತಿಯನ್ನು ಸ್ವಲ್ಪ ನೋಡೋಣ. ಹೊರಪದರದ ಕೆಳಗಿರುವ ಒಳಚರ್ಮದಲ್ಲಿ ಕೊಲಾಜನ್ ಎಂಬ ನಾರುಗಳ ಹೆಣಿಗೆಯೊಂದುಂಟು; ಮುಖಕ್ಕೆ ಬಿಗಿಯನ್ನು ಕೊಡುವುದು ಅದೇ. ವಯಸ್ಸು ಏರಿದಂತೆ ಈ ಹೆಣಿಗೆ ತೆಳುವಾಗುತ್ತ ಬರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಈ ಇಳಿತ ಬಹಳ ತೀವ್ರ. ಚರ್ಮಕ್ಕೆ ತಾನಾಗಿ ಒದಗುತ್ತಿದ್ದ ಜಿಡ್ಡೂ ಆಗಲೇ ಕಡಮೆಯಾಗುವುದರಿಂದ ಮುಖವು ಒಣಗಿ ಬಿರಿದಂತೆ ತೋರುತ್ತದೆ. ಇಷ್ಟು ತಿಳಿದ ಮೇಲೆ, ಇಪ್ಪತ್ತರಲ್ಲಿ ಹಿತವಾಗಿದ್ದ ಸೋಪು ಅರವತ್ತರಲ್ಲಿ ಉರಿಯನ್ನೇಕೆ ತರುತ್ತದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಚರ್ಮದ ಸ್ವಭಾವ ಸ್ವಲ್ಪ ಆಮ್ಲ, ಸೋಪಿನದು ಕ್ಷಾರ. ಕಡಲೆಹಿಟ್ಟಿನಿಂದ ಗಸಗಸನೆ ಉಜ್ಜುವ ಹಳೆಯ ಅಭ್ಯಾಸವನ್ನೂ ಈ ವಯಸ್ಸಿನಲ್ಲಿ ಬಿಡುವುದೇ ಮೇಲು. ಬಿಸಿನೀರಿಗಿಂತ ಉಗುರುಬೆಚ್ಚಗಿನ ನೀರು, ಮುಖ ಒರಸಿದ ಮೇಲೆ ತೇವ ಆರುವ ಮೊದಲೇ ಪಸೆಯುಳ್ಳ ಯಾವುದಾದರೊಂದು ಲೇಪ: ಇಷ್ಟರಿಂದಲೇ ಅರ್ಧ ಕೆಲಸ ಮುಗಿಯಿತೆನ್ನಬಹುದು. ಆ ಲೇಪವು ದುಬಾರಿಯದಾಗಿರಬೇಕೆಂಬ ನಿಯಮವೇನೂ ಇಲ್ಲ.

ಆದರೆ ಮುಖವನ್ನು ಮುಪ್ಪಾಗಿಸುವುದು ವಯಸ್ಸೊಂದೇ ಅಲ್ಲ. ಬಿಸಿಲಿನ ಪಾಲು ನಾವು ಎಣಿಸುವುದಕ್ಕಿಂತ ದೊಡ್ಡದು. ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ 2012ರಲ್ಲಿ ಒಂದು ಛಾಯಾಚಿತ್ರ ಪ್ರಕಟವಾಯಿತು. ಅದು 28 ವರ್ಷ ಸರಕಿನ ಲಾರಿಯನ್ನು ಓಡಿಸಿದ 69 ವರ್ಷದ ಗೃಹಸ್ಥನದು. ಕಿಟಕಿಯ ಕಡೆಗಿದ್ದ ಅವನ ಎಡಗೆನ್ನೆ ನೇಗಿಲು ಹೂಡಿದ ಹೊಲದಂತೆ ಸುಕ್ಕುಗಟ್ಟಿದೆ. ಬಲಗೆನ್ನೆ ಅಷ್ಟು ಕೆಟ್ಟಿಲ್ಲ. ಒಬ್ಬನೇ ಮನುಷ್ಯ, ಒಂದೇ ವಯಸ್ಸು, ಎರಡು ಮುಖ! ನೇರಳಾತೀತ ಕಿರಣಗಳಲ್ಲಿ ಒಂದು ಬಗೆಯವು ಗಾಜನ್ನೂ ತೂರಿ ಬರುವುದೇ ಇದಕ್ಕೆ ಕಾರಣ. ಆಸ್ಟ್ರೇಲಿಯದ ನ್ಯಾಂಬೋರಿನಲ್ಲಿ 1992ರಿಂದ 1996ರವರೆಗೆ ನಡೆದ ಪರೀಕ್ಷೆಯೊಂದರ ಫಲವು 2013ರಲ್ಲಿ ಹೊರಬಂದಿತು. ಬಿಸಿಲು ತಡೆಯುವ ಲೇಪವನ್ನು ದಿನವೂ ತಪ್ಪದೆ ಹಚ್ಚಿದವರಲ್ಲಿ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಚರ್ಮದ ಮುಪ್ಪು 24 ಪಾಲು, ಎಂದರೆ ನೂರಕ್ಕೆ 24ರಷ್ಟು, ಕಡಮೆಯಾಗಿತ್ತು. ನಮ್ಮ ಬಣ್ಣದ ಜನಕ್ಕೆ ಸುಕ್ಕು ಕೊಂಚ ತಡವಾಗಿ ಬರುತ್ತದೆ, ನಿಜ. ಆದರೆ ಕೆನ್ನೆ ಹಣೆಗಳ ಮೇಲೆ ಕಪ್ಪು ಕಲೆಗಳು ಮೊದಲೇ ಬಂದು ಕುಳಿತುಕೊಳ್ಳುತ್ತವೆ. ಸಂಜೆಯ ವಾಕಿಂಗಿಗೆ ಹೊರಡುವವರು ಛತ್ರಿಯನ್ನು ಮಳೆಗಾಲಕ್ಕೆಂದು ಎತ್ತಿಡದಿದ್ದರೆ ಒಳ್ಳೆಯದು.

ಇನ್ನು ಅಲಂಕಾರಕ್ಕೆ ಬರೋಣ. ಕಾಲೇಜಿನ ನಾಟಕಗಳಲ್ಲಿ ಇಪ್ಪತ್ತರ ಹುಡುಗನನ್ನು ಮುದುಕನನ್ನಾಗಿಸುವ ವಿದ್ಯೆಯನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಹುಡುಗನಿಗೆ ಹಣೆಯನ್ನು ಸುಕ್ಕಿಸಲು ಹೇಳುತ್ತಾರೆ. ಮುಖಕ್ಕೆಲ್ಲ ಬಿಳಿಯ ಪುಡಿಯನ್ನು ದಟ್ಟವಾಗಿ ಒತ್ತುತ್ತಾರೆ. ಗೆರೆಗಳಲ್ಲಿ ಬಣ್ಣ ತುಂಬುತ್ತಾರೆ. ಎರಡೇ ನಿಮಿಷಗಳಲ್ಲಿ ಅಜ್ಜ ಸಿದ್ಧ. ಮದುವೆಯ ಮನೆಗೆ ಹೊರಟ ಹಿರಿಯ ಹೆಂಗಸರು ಹಲವರು ತಮಗೆ ತಾವೇ ಮಾಡಿಕೊಳ್ಳುವುದೂ ಇದನ್ನೇ ಅಲ್ಲವೆ? ಒಣಗಿದ ಚರ್ಮದ ಮೇಲೆ ಒಣ ಪುಡಿ ಬಿದ್ದರೆ ಅದು ಸುಕ್ಕಿನ ಸಂದಿಗಳಿಗೇ ಹೋಗಿ ಸೇರುತ್ತದೆ. ಪುಡಿಯ ಬಣ್ಣ ಮೈಬಣ್ಣಕ್ಕಿಂತ ಬಿಳಿದಾಗಿದ್ದರಂತೂ ಮುಖ ಬೂದಿ ಬಳಿದಂತಾಗುತ್ತದೆ. ಆದುದರಿಂದ ಮೊದಲು ಪಸೆಯ ಲೇಪ. ಅದು ಹಿಡಿಯಲು ಹತ್ತು ನಿಮಿಷ ತಾಳ್ಮೆ. ಆಮೇಲೆ ಮೈಬಣ್ಣಕ್ಕೆ ಸರಿಹೊಂದುವ ತೆಳುವಾದ ದ್ರವಲೇಪ. ಪುಡಿ ಬೇಕೇಬೇಕೆಂದರೆ ಮೂಗಿನ ಮೇಲೆ, ಹಣೆಯ ನಡುವೆ ಒಂದಿಷ್ಟು. ಮಿರುಗುವ ಬಣ್ಣಗಳು ಕಣ್ಣರೆಪ್ಪೆಯ ಮಡಿಕೆಯನ್ನು ಎತ್ತಿ ತೋರಿಸುತ್ತವೆ. ಮಿರುಗಿಲ್ಲದ ಬಣ್ಣ ಅದನ್ನು ಮರೆಸುತ್ತದೆ. ತುಟಿಯ ಅಂಚಿನ ಸಣ್ಣ ಗೆರೆಗಳಿಗೆ ರಂಗು ಹರಿಯುವುದುಂಟು. ಅದೇ ಬಣ್ಣದ ಕಡ್ಡಿಯಿಂದ ಮೊದಲು ಅಂಚು ಕಟ್ಟಿಕೊಂಡರೆ ನಿಲ್ಲುತ್ತದೆ. ಕೆಲವರು ದೀಪದ ಬೆಳಕಿನಲ್ಲಿ ಅಲಂಕರಿಸಿಕೊಂಡು ಹಗಲಿಗೆ ಹೊರಡುತ್ತಾರೆ. ಕಿಟಕಿಯ ಬಳಿಯ ಕನ್ನಡಿ ಸುಳ್ಳಾಡುವುದಿಲ್ಲ.

ಇಷ್ಟೆಲ್ಲ ರುಚಿಯ ಮಾತು. ಮುಂದಿನದು ಹಾಗಲ್ಲ. ಸೌಂದರ್ಯಕ್ಕಾಗಿ ವಿಷವನ್ನು ಬಳಿದುಕೊಂಡ ಕಥೆ ಬಹಳ ಹಳೆಯದು. ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಸಿರಿವಂತ ಹೆಂಗಸರು ಮುಖಕ್ಕೆ ಹಚ್ಚುತ್ತಿದ್ದ ಬಿಳುಪು ಸೀಸದ್ದು. ಆ ಕಾಲ ಕಳೆಯಿತೆಂದು ನಾವು ಸಮಾಧಾನಪಡುವಂತಿಲ್ಲ. ಬಿಳುಪು ತರುತ್ತೇವೆಂದು ಮಾರುವ ಲೇಪಗಳಲ್ಲಿ ಪಾದರಸ ಸಿಕ್ಕಿದುದುಂಟು. ಅದು ಮೂತ್ರಪಿಂಡಗಳಿಗೆ ಹಾನಿಕರ. 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದ ಅಂಥವನ್ನು ತಡೆಯಲು ಹೊರಟಿದೆ. ಅಂಗಡಿಯವನು ಸಲಹೆಮಾಡಿ ಕೊಡುವ ಸ್ಟೀರಾಯ್ಡ್ ಮುಲಾಮಿನ ಅಪಾಯ ಇನ್ನೂ ಸೂಕ್ಷ್ಮವಾದುದು. ಮೊದಲ ವಾರ ಮುಖ ಬೆಳಗುತ್ತದೆ, ತಿಂಗಳುಗಳು ಕಳೆದಂತೆ, ಮೊದಲೇ ತೆಳುವಾಗಿರುವ ಚರ್ಮ ಇನ್ನೂ ತೆಳುವಾಗಿ ರಕ್ತನಾಳಗಳು ಕೆಂಪಾಗಿ ಮೇಲೆ ಕಾಣುತ್ತವೆ, ಬಿಟ್ಟರೆ ಉರಿ. 2018ರಲ್ಲಿ ಭಾರತ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿದೆ. ಸುಕ್ಕಿಗೆ ನಿಜವಾಗಿ ಗುಣ ತೋರಿಸುವ ಔಷಧವೊಂದುಂಟು, ಟ್ರೆಟಿನಾಯಿನ್ ಎಂದು ಅದರ ಹೆಸರು; ವೈದ್ಯ ಕ್ಲಿಗ್‌ಮನ್ನರೂ ಅವರ ಸಂಗಡಿಗರೂ 1986ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅದೂ ವೈದ್ಯರನ್ನು ಕೇಳಿಯೇ ಹಚ್ಚತಕ್ಕದ್ದು, ರಾತ್ರಿಯ ಹೊತ್ತು, ಬಟಾಣಿ ಕಾಳಿನಷ್ಟು. ತಿಂಗಳುಗಟ್ಟಲೆ ಕಾಯಲೂ ಬೇಕು.

ಹಣೆಯ ಬೊಟ್ಟಿನ ವಿಷಯವಾಗಿಯೂ ಒಂದು ಮಾತು. ಅಂಟಿಸುವ ಬಿಂದಿಯ ಅಂಟಿನಲ್ಲಿರುವ ಒಂದು ರಾಸಾಯನಿಕದಿಂದ ಕೆಲವರ ಹಣೆಯಲ್ಲಿ ಬಿಳಿಯ ಮಚ್ಚೆ ಬೀಳುವುದುಂಟು. ಅಂಥ ಗುರುತು ಕಂಡ ಕೂಡಲೆ ಅದನ್ನು ಬಿಟ್ಟು ವೈದ್ಯರಿಗೆ ತೋರಿಸಬೇಕು. ಕೂದಲಿಗೆ ಬಣ್ಣ ಹಾಕುವವರು ಎರಡು ದಿನ ಮೊದಲು ಕಿವಿಯ ಹಿಂದೆಯೋ ಮೊಣಕೈಯ ಒಳಮಗ್ಗುಲಲ್ಲೋ ಒಂದು ಚುಕ್ಕೆ ಹಚ್ಚಿ ನೋಡಲಿ. ತುರಿಕೆಯೆದ್ದರೆ ಆ ಬಣ್ಣ ತಲೆಗೆ ಬೇಡ. ಮುಖಕ್ಕೆ ಹಚ್ಚಿ ಉಳಿದ ಲೇಪವನ್ನು ತೊಳೆದು ಕಳೆಯದೆ ಕುತ್ತಿಗೆಗೂ ಮುಂಗೈಗಳ ಹಿಂಭಾಗಕ್ಕೂ ಸವರಿಕೊಳ್ಳಬೇಕು. ಮುಖದಷ್ಟೇ ಬಿಸಿಲುಂಡ ಆ ಕೈಗಳನ್ನು ಯಾರೂ ನೆನೆಯುವುದಿಲ್ಲ.