ನದೀಮುಖವೂ ಜನಪಥವೂ



ಅಳಿವೆಯೆಂಬುದು ಕರಾವಳಿಯವರ ಸಂಪತ್ತು, ಜೋಳ ಬೆಳೆಯುವ ಬಾಗಲಕೋಟೆಯ ಈ ಎರೆಯ ಸೀಮೆಗೆ ಅದರಿಂದೇನು ಎಂದು ಕೇಳುವವರು ಈ ಸಭೆಯಲ್ಲಿ ಇರಬಹುದಾದರೂ, ಕನಕುಂಬಿಯ ಸಹ್ಯಾದ್ರಿಯಲ್ಲಿ ಹುಟ್ಟಿ, ಸಮೀಪದಲ್ಲೇ ಇರುವ ಪಶ್ಚಿಮಸಮುದ್ರಕ್ಕೆ ವಿಮುಖಳಾಗಿ, 300 ಕಿಲೋಮೀಟರಿನಷ್ಟು ದೂರ ಹರಿದು, ಪಟ್ಟದಕಲ್ಲಿನ ಬಳಿ ಕೆಲದೂರ ಉತ್ತರವಾಹಿನಿಯಾಗಿ, ಐಹೊಳೆಯನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಒಂದಾಗುವ ಮಲಪ್ರಭೆಗೂ ಒಂದು ಮುಖವುಂಟು, ಚಿಕ್ಕಸಂಗಮದಲ್ಲಿ ಅದೇ ಕೃಷ್ಣೆಯನ್ನು ಸೇರುವ ಘಟಪ್ರಭೆಗೂ ಒಂದು ಮುಖವುಂಟು ಎಂಬುದನ್ನು ನಾವು ಮರೆಯಬಾರದು. ಸಮುದ್ರದ ಅಳಿವೆಯಲ್ಲಿ ಭರತ ಇಳಿತಗಳು ದಿನಕ್ಕೆರಡು ಸಲ ನಡೆಯುವುವು. ಆಲಮಟ್ಟಿಯ ಜಲಾಶಯವಾದ ಬಳಿಕ ನಮ್ಮ ಸಂಗಮಗಳಲ್ಲಿ ಅವು ವರ್ಷಕ್ಕೊಮ್ಮೆ ನಡೆಯುತ್ತವೆ. ಮಳೆಗಾಲದಲ್ಲಿ ಹಿನ್ನೀರು ಏರಿ ಹೊಲಗಳನ್ನು ಆವರಿಸುತ್ತದೆ, ಬೇಸಗೆಯಲ್ಲಿ ಸರಿದು ಕೆಸರಿನ ವಿಶಾಲವಾದ ಬಯಲನ್ನು ತೆರೆದಿಡುತ್ತದೆ. ಆ ಬಯಲಿಗೆ ರಾಜಹಂಸಗಳು ಬರುತ್ತವೆ.

ಕರಾವಳಿಯ ಅನುಭವದಿಂದ ನಾವು ಕಲಿಯತಕ್ಕದ್ದು ಬಹಳವಿದೆ. ಯಾವ ದೊಡ್ಡ ಅಣೆಕಟ್ಟಿನ ತಡೆಯೂ ಇಲ್ಲದೆ ಕುಮಟೆಯ ಬಳಿ ಸಮುದ್ರವನ್ನು ಸೇರುವ ಅಘನಾಶಿನಿಯ ಅಳಿವೆಯು, ನಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಯೊಡನೆ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ವಾರ್ತೆ 2024ರ ಜನವರಿಯಲ್ಲಿ ಪ್ರಕಟವಾಯಿತು. ಅಲ್ಲಿಯ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುತ್ತಿದ್ದ ರೈತರು ಮಣ್ಣಿನ ಒಡ್ಡುಗಳನ್ನೂ ನೀರಿನ ಬಾಗಿಲುಗಳನ್ನೂ ತಾವೇ ಕೂಡಿ ಕಾಯುತ್ತಿದ್ದರು. 1970ರ ದಶಕದಲ್ಲಿ ಸರಕಾರವು ಶಾಶ್ವತವಾದ ಕಲ್ಲಿನ ಒಡ್ಡುಗಳನ್ನು ಕಟ್ಟಿಸಿದ ಮೇಲೆ ಆ ಸಾಮುದಾಯಿಕ ಕಾವಲು ಕ್ರಮೇಣ ಶಿಥಿಲವಾಯಿತು. ಆಮೇಲೆ ಸಿಗಡಿಯ ಕೃಷಿ ಬಂದಿತು, ಅದಕ್ಕೆ ರೋಗವೂ ಬಂದಿತು. ಈಗ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾಗಿಡಗಳನ್ನು ನೆಟ್ಟು ಬೆಳೆಸುವ ಕಾರ್ಯ ನಡೆದಿದೆ. ಆದರೆ ಇಳಿತದ ಹೊತ್ತಿಗೆ ಕೆಸರಿಗಿಳಿದು ಬೆಳಚೆಂಬ ಚಿಪ್ಪುಜೀವಿಗಳನ್ನು ಆಯುವ ಹೆಂಗಸರಿಗೆ ಅಳಿವೆಯ ಆರೋಗ್ಯ ತಿಳಿದಿರುವಷ್ಟು ಯಾವ ಕಚೇರಿಗೂ ತಿಳಿದಿರಲಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅವರ ಕಾಲುದಾರಿಯನ್ನು ಮುಚ್ಚಿ ಗಿಡ ನೆಡುವ ಪುನರುಜ್ಜೀವನವು ತನ್ನ ಕಾವಲುಗಾರರನ್ನೇ ಹೊರಗಟ್ಟಿದಂತಾಗುವುದು. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾವನದ ನಡುವೆ ಅರಣ್ಯ ಇಲಾಖೆಯವರು ಕಂಬಗಳ ಮೇಲೆ ನಿಲ್ಲಿಸಿದ ನಡೆದಾರಿಯು ಜನರನ್ನು ವನದ ಗರ್ಭಕ್ಕೆ ಕರೆದೊಯ್ದರೂ ಬೇರುಗಳನ್ನು ತುಳಿಯಗೊಡುವುದಿಲ್ಲ. ಪ್ರವೇಶವೂ ರಕ್ಷಣೆಯೂ ಪರಸ್ಪರ ವಿರುದ್ಧವೆಂದು ವಾದಿಸುವವರು ಅದನ್ನೊಮ್ಮೆ ನೋಡಿ ಬರಬೇಕು.

ದಂಡೆಯು ಸರ್ವರ ಸೊತ್ತೆಂಬ ನ್ಯಾಯ ಪುರಾತನವಾದದ್ದು. ರೋಮಿನ ಚಕ್ರವರ್ತಿ ಜಸ್ಟಿನಿಯನ್ನನ ಧರ್ಮಸಂಹಿತೆಯಲ್ಲಿ, ಗಾಳಿ, ಹರಿಯುವ ನೀರು, ಸಮುದ್ರ, ಸಮುದ್ರತೀರ ಇವು ಪ್ರಕೃತಿನ್ಯಾಯದಿಂದ ಸಮಸ್ತರಿಗೂ ಸಮಾನವೆಂಬ ವಿಧಿ 533ರಲ್ಲಿ ಸೇರಿತು; ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಹಿಮಾಚಲದ ಬಿಯಾಸ್ ನದಿಯ ಪ್ರಕರಣದಲ್ಲಿ, ಅದೇ ತತ್ತ್ವವನ್ನು ಎತ್ತಿಹಿಡಿದು, ಸರಕಾರವು ಇಂಥ ಸಂಪತ್ತಿಗೆ ಧರ್ಮದರ್ಶಿಯೇ ಹೊರತು ಒಡೆಯನಲ್ಲವೆಂದು ನಿರ್ಣಯಿಸಿತು. ಜಸ್ಟಿನಿಯನ್ನನ ಆ ಸಂಹಿತೆಯಾದ ಹತ್ತು ವರ್ಷಕ್ಕೆ, ಎಂದರೆ 543ರಲ್ಲಿ, ಮೊದಲನೆಯ ಪುಲಕೇಶಿಯು ಬಾದಾಮಿಯ ಕೋಟೆಯನ್ನು ಕಟ್ಟಿಸಿದನು. ಕೋಟೆ ಅರಸರದಾಗಿತ್ತು, ಅದರ ಅಡಿಯಲ್ಲಿರುವ ಅಗಸ್ತ್ಯತೀರ್ಥವಾದರೋ ಇಂದಿಗೂ ಊರವರದು. ಕೆಂಪು ಮರಳುಗಲ್ಲಿನ ಆ ಪಾವಟಿಗೆಗಳ ಮೇಲೆ ಹೆಂಗಸರು ಅರಿವೆ ಒಗೆಯುತ್ತಿರುವಾಗಲೇ ಆಚೆಯ ದಂಡೆಯಲ್ಲಿ ಭೂತನಾಥನ ಗುಡಿಗಳು ನೀರಿನಲ್ಲಿ ಪ್ರತಿಬಿಂಬಿಸುವ ದೃಶ್ಯವನ್ನು ಕಂಡವರಿಗೆ, ನಿತ್ಯೋಪಯೋಗವು ಸೌಂದರ್ಯಕ್ಕೆ ಕುಂದಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬನಶಂಕರಿಯ ಹೊಂಡವೂ ಹಾಗೆಯೇ. ಕಟ್ಟಿದವರು ಜನರು ಬರುವರೆಂದು ತಿಳಿದೇ ಕಟ್ಟಿದರು.

ಮಲಪ್ರಭೆಯ ವಿಷಯದಲ್ಲಿ ನಾವು ಈ ವಿವೇಕವನ್ನು ಕಳೆದುಕೊಂಡೆವು. 1970ರ ದಶಕದಲ್ಲಿ ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟು ಸಿದ್ಧವಾದ ಮೇಲೆ, ಮಳೆ ಕಡಿಮೆಯಾದ ವರ್ಷಗಳಲ್ಲಿ ಹೊಳೆ ಬತ್ತಿತು. ಬತ್ತಿದ ಪಾತ್ರದಲ್ಲಿ ಜಾಲಿಕಂಟಿ ಬೆಳೆಯಿತು, ಹೂಳು ನಿಂತಿತು, ದಂಡೆಯ ಹೊಲಗಳು ವರ್ಷವರ್ಷಕ್ಕೂ ಒಂದೊಂದು ಸಾಲು ಒಳಗೆ ಸರಿದವು. ನದಿಗೆ ಹೋಗುವ ಹಳೆಯ ಹಾದಿಗಳು ಒತ್ತುವರಿಯಲ್ಲಿ ಮುಚ್ಚಿದಂತೆಲ್ಲ, ನದಿಯು ಕಿರಿದಾಗುತ್ತಿರುವುದನ್ನು ಕಾಣುವ ಕಣ್ಣುಗಳೂ ಕಡಿಮೆಯಾದವು. 2009ರಲ್ಲಿ ಮಹಾಪೂರ ಬಂದಿತು. 2019ರ ಆಗಸ್ಟಿನಲ್ಲಿ ಜಲಾಶಯದಿಂದ ಬಿಟ್ಟ ನೀರು ತನ್ನ ಪೂರ್ವದ ಅಗಲವನ್ನು ಹುಡುಕಿ, ಕಾಣದೆ, ಪಟ್ಟದಕಲ್ಲಿನ ದೇವಾಲಯಗಳೊಳಗೂ ದಂಡೆಯ ಹಳ್ಳಿಗಳ ಮನೆಗಳೊಳಗೂ ಹೊಕ್ಕಿತು. ನೀರಿನ ಪಾತ್ರವನ್ನು ನೀರಿಗೆ ಬಿಟ್ಟುಕೊಡುವುದು ದಾನವಲ್ಲ, ಋಣಪರಿಹಾರ.

ಕೂಡಲಸಂಗಮದಲ್ಲಿ ಮಾತ್ರ ನಾವು ಬೇರೊಂದು ಬಗೆಯಾಗಿ ನಡೆದುಕೊಂಡಿದ್ದೇವೆ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಬಹುಭಾಗಕ್ಕೆ ಮುಳುಗಡೆ ಬಂದಿತು. ಜನರಿಗೆ ನವನಗರ ಸಿಕ್ಕಿತು, ಹೊಳೆಯ ನಂಟು ಸಿಕ್ಕಲಿಲ್ಲ. ಬಸವಣ್ಣನವರ ಐಕ್ಯಸ್ಥಳವೂ ಅದೇ ನೀರಿನ ಪಾಲಾಗುತ್ತಿದ್ದಾಗ, ಅದನ್ನು ಮೇಲಕ್ಕೆ ಸಾಗಿಸದೆ, ಸುತ್ತಲೂ ಬಾವಿಯಂತೆ ವರ್ತುಲಾಕಾರದ ಗೋಡೆಯನ್ನೆಬ್ಬಿಸಿ, ದಂಡೆಯಿಂದ ಸೇತುವೆ ಕಟ್ಟಿ, ಒಳಗೆ ಮೆಟ್ಟಿಲುಗಳನ್ನಿಳಿಸಿದರು. ಸುತ್ತಲೂ ಜಲರಾಶಿ ತುಂಬಿ ನಿಂತಿರುವಾಗ ಅದರ ಮಟ್ಟಕ್ಕಿಂತ ಕೆಳಗಿಳಿದು ಯಾವ ಜಾತಿಯ ಭಕ್ತನಾದರೂ ಆ ಸ್ಥಳವನ್ನು ಮುಟ್ಟಬಲ್ಲನು. ಶ್ರದ್ಧೆಯ ವಿಷಯದಲ್ಲಿ ಇಷ್ಟು ಶ್ರಮವಹಿಸಿ ದಾರಿಯನ್ನುಳಿಸಿಕೊಂಡ ನಾಡು, ಎಮ್ಮೆ ಮೈ ತೊಳೆಯುವವನಿಗೂ ಹರಿಗೋಲಿನ ಮೀನುಗಾರನಿಗೂ ಒಂದು ದಾರಿಯನ್ನುಳಿಸಲಾರದೆ?

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನದೀತಟದ ಅಭಿವೃದ್ಧಿಯೆಂದರೆ ದಂಡೆಯುದ್ದಕ್ಕೂ ಸಿಮೆಂಟಿನ ಗೋಡೆ ಕಟ್ಟಿ ದೀಪ ಹಚ್ಚುವುದೆಂಬ ಭಾವನೆ ಈಚೆಗೆ ಪ್ರಬಲವಾಗಿದೆ. ಗೋಡೆ ಕಟ್ಟಿದ ದಂಡೆಯಲ್ಲಿ ಹಕ್ಕಿ ಮೊಟ್ಟೆಯಿಡದು, ಮೀನು ಮರಿ ಮಾಡದು, ಪೂರದ ನೀರು ಹರಡಲಾರದು. ಹಿನ್ನೀರಿನ ಅಂಚಿನ ಬಯಲು ನೆಲದಲ್ಲಿ ಗೂಡು ಮಾಡುವ ರೀವಹಕ್ಕಿಗಳಿಗೆ ಬೇಕಾದದ್ದು ಬರಿಯ ಮರಳು, ಕೆಸರು ಮತ್ತು ಎರಡು ತಿಂಗಳ ನೆಮ್ಮದಿ. ಆದ್ದರಿಂದ ಊರಿಗೊಂದೇ ಪಾವಟಿಗೆ ಸಾಕು. ಅದು ಅಗಲವಾಗಿರಲಿ, ಮುದುಕರೂ ಇಳಿಯುವಂತಿರಲಿ, ದೇಶಾಂತರಗಳಿಗೆ ಹೋಗುವ ಇಳಕಲ್ಲಿನ ಕೆಂಪು ಕಲ್ಲಿನಲ್ಲೇ ಆಗಲಿ. ಒಂದು ಪಾವಟಿಗೆಯಿಂದ ಮತ್ತೊಂದರವರೆಗಿನ ದಂಡೆಯಷ್ಟೂ ನೀರಿನದು, ಹುಲ್ಲಿನದು, ಹಕ್ಕಿಯದು.

ಕಾರ್ಯಾರಂಭಕ್ಕೆ ಬೇಸಗೆಯೇ ತಕ್ಕ ಕಾಲ. ಹಿನ್ನೀರು ಸರಿದು ನೆಲ ಕಾಣುವ ಚೈತ್ರ ವೈಶಾಖಗಳಲ್ಲಿ, ಬಾದಾಮಿ ಹುನಗುಂದ ತಾಲೂಕುಗಳ ದಂಡೆಯ ಪ್ರತಿಯೊಂದು ಗ್ರಾಮಪಂಚಾಯತಿಯೂ ಭೂಮಾಪನ ಇಲಾಖೆಯ ಹಳೆಯ ನಕ್ಷೆಯನ್ನು ಕೈಯಲ್ಲಿ ಹಿಡಿದು, ಊರ ಹಿರಿಯರನ್ನೂ ಮೀನುಗಾರರನ್ನೂ ಜೊತೆಗೆ ಕರೆದುಕೊಂಡು, ನದಿಯ ಎಲ್ಲೆಯನ್ನೂ ಹೊಳೆಗಿಳಿಯುತ್ತಿದ್ದ ಹಾದಿಯನ್ನೂ ಒಂದೇ ದಿನ ಅಳೆದು, ಎರಡಕ್ಕೂ ಒಂದೇ ಬಗೆಯ ಕಲ್ಲು ನೆಡಬೇಕು. ಜಾಲಿಕಂಟಿಯನ್ನು ಬೇರುಸಹಿತ ಕೀಳುವ ಕೆಲಸವನ್ನು ಸಂಗಮದಿಂದ ಆರಂಭಿಸಿ ಮೇಲುಮೇಲಕ್ಕೆ ಐಹೊಳೆಯತ್ತ ನಡೆಸಬೇಕು. ಮುಖ ತೆರೆಯದೆ ಮೇಲಿನ ಪಾತ್ರವನ್ನು ಅಗಲಿಸಿದರೆ ಪೂರದ ನೀರು ಕೆಳಗಿನ ಹಳ್ಳಿಗಳಲ್ಲೇ ಬಂದು ನಿಲ್ಲುವುದು.