ಓಖ್ಲಾದ ಮಸಿ, ಹಿಮಾಲಯದ ಹಿಮ



ಊರಿನ ಬಚ್ಚಲುಮನೆಯ ಹಂಡೆ ನೆನಪಿದೆಯೇ? ಅದರ ತಳಕ್ಕೆ ಮೆತ್ತಿಕೊಳ್ಳುತ್ತಿದ್ದ ಮಸಿಯೇ ಇಂದಿನ ಮಾತಿನ ವಿಷಯ. ಚಳಿಗಾಲದಲ್ಲಿ ಓಖ್ಲಾದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ಅದೇ ಮಸಿ ಕೈಗಂಟುತ್ತದೆ. ಡೀಸೆಲ್ ಲಾರಿ, ಸುಟ್ಟ ಕಸ, ಸೌದೆ ಒಲೆ, ಪಕ್ಕದ ರಾಜ್ಯಗಳಲ್ಲಿ ಗದ್ದೆಯ ಕೂಳೆಗೆ ಇಟ್ಟ ಬೆಂಕಿ, ಎಲ್ಲದರ ಪಾಲೂ ಅದರಲ್ಲಿದೆ.

ಕಪ್ಪು ಕೊಡೆ ಬಿಸಿಲಿಗೆ ಬೇಗ ಕಾಯುತ್ತದಲ್ಲ, ಮಸಿಯ ಕಣವೂ ಹಾಗೆಯೇ. ಬಿಸಿಲನ್ನು ಹೀರಿ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ನೆಲಕ್ಕೆ ತಲುಪುವ ಬಿಸಿಲು ಕಡಿಮೆಯಾಗುತ್ತದೆ. ಮೇಲೆ ಬಿಸಿ, ಕೆಳಗೆ ತಂಪು ಆದಾಗ ಗಾಳಿ ಮೇಲೇಳದೆ ಹೊಗೆ ನಮ್ಮ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ.

1999ರ ಇಂಡೋಎಕ್ಸ್ ಅಧ್ಯಯನ ಹಿಂದೂ ಮಹಾಸಾಗರದ ಮೇಲೂ ಇಂಥ ಕಂದು ಮುಸುಕನ್ನು ಕಂಡಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ವಿ. ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಮಸಿ ಹಿಮಾಲಯದ ಹಿಮದ ಮೇಲೆ ಕೂತರೆ ಹಿಮ ಬೇಗ ಕರಗುತ್ತದೆ. ಓಖ್ಲಾ ಬ್ಯಾರೇಜಿಗೆ ಬರುವ ಯಮುನೆ ಹುಟ್ಟುವುದೂ ಹಿಮಾಲಯದಲ್ಲೇ.

ಸಮಾಧಾನದ ಮಾತೊಂದಿದೆ. ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತದೆ; ಮಸಿ ಗಾಳಿಯಲ್ಲಿರುವುದು ಹೆಚ್ಚೆಂದರೆ ಒಂದೆರಡು ವಾರ. ಸುಡುವುದನ್ನು ನಿಲ್ಲಿಸಿದರೆ ಫಲ ಬೇಗ ಸಿಗುತ್ತದೆ. ನಿಮ್ಮ ಗೇಟಿನ ಕಾವಲುಗಾರರು ರಾತ್ರಿ ಎಲೆ, ಪ್ಲಾಸ್ಟಿಕ್ಕು ಸುಟ್ಟು ಚಳಿ ಕಾಯಿಸುತ್ತಿದ್ದರೆ ಗದರಬೇಡಿ. ಆ ಹೊಗೆಯನ್ನು ಮೊದಲು ಕುಡಿಯುವವರು ಅವರೇ. ನಾಲ್ಕು ಮನೆಯವರು ಸೇರಿ ಅವರಿಗೊಂದು ಹೀಟರ್ ಕೊಡಿಸಿ.