ಒಳಗೆ ಹಾಕಿದರೆ ಬುದ್ಧಿ ಬರುತ್ತದೆಯೇ?

ಸಿದ್ದಾಪುರದ ತೋಟದ ಅಂಗಳದಿಂದ ಒಣಗಲು ಹರವಿದ ಅಡಿಕೆ ಮಾಯವಾಗಿ, ಕದ್ದವನು ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ‘ನಾಲ್ಕು ದಿನ ಒಳಗೆ ಹಾಕಿ, ಬುದ್ಧಿ ಬರಲಿ’ ಎನ್ನುವವರೇ ಹೆಚ್ಚು. ಪೊಲೀಸರು ಅವನನ್ನು ಕುಂದಾಪುರದ ಕೋರ್ಟಿಗೆ ಹಾಜರುಪಡಿಸುತ್ತಾರೆ. ಜಾಮೀನು ಸಿಗದಿದ್ದರೆ ಹಿರಿಯಡ್ಕದ ಜೈಲು. ಆಗ ಅವನಿಗೆ ಶಿಕ್ಷೆಯೇ ಆಗಿರುವುದಿಲ್ಲ, ಬರೀ ಆರೋಪ.

ದೇಶದ ಲೆಕ್ಕವೂ ಹೀಗೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ಭಾರತದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನೂರಕ್ಕೆ ಸುಮಾರು 76. ಜೈಲಿನ ಮಗ್ಗ, ಬೇಕರಿ, ಕೂಲಿ ಎಲ್ಲ ಬಹುಮಟ್ಟಿಗೆ ಶಿಕ್ಷೆಯಾದವರಿಗೆ. ಉಳಿದವರದು ಮುಂದಿನ ವಾಯಿದೆಗೆ ಕಾಯುವ ಕೆಲಸ. ಮೊದಲ ಸಲ ಎಡವಿದ ಹುಡುಗನಿಗೂ ಹತ್ತು ಕೇಸು ಕಂಡ ಹಳಬನಿಗೂ ಅಲ್ಲಿ ಗೆಳೆತನ ಬೆಳೆಯಲು ಬೇಕಾದಷ್ಟು ಪುರುಸೊತ್ತು!

ಜೈಲಿನೊಳಗೇ ತಿದ್ದುವ ಪ್ರಯತ್ನವೂ ನಡೆದಿದೆ. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಜೈಲಿನೊಳಗೆ ಹೋಗಿ, ಕೊಲೆ ಪ್ರಕರಣಗಳಲ್ಲಿ ಜೀವಾವಧಿ ಶಿಕ್ಷೆಯಾದವರಿಂದಲೂ ನಾಟಕ ಆಡಿಸಿದರು. ಗಿರೀಶ ಕಾರ್ನಾಡರ ‘ತಲೆದಂಡ’ವನ್ನೂ ಕೈದಿಗಳು ಅಭಿನಯಿಸಿದರು. ಪೊಲೀಸ್ ಕಾವಲಿನಲ್ಲಿ ಹೊರಗಿನ ರಂಗಮಂದಿರಗಳಿಗೂ ಬಂದರು. ಮಾತು ಬಾಯಿಪಾಠ ಮಾಡಬೇಕು, ಎದುರಿನವನ ಮಾತು ಮುಗಿಯುವವರೆಗೆ ತಾಳಬೇಕು, ಸಿಟ್ಟನ್ನು ಬೇಕಾದಾಗ ತಂದುಕೊಂಡು ಬೇಡವಾದಾಗ ಬಿಡಬೇಕು. ಯಕ್ಷಗಾನದ ಮೇಳ ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಕ ಆಡಿದವರೆಲ್ಲ ಸುಧಾರಿಸಿದರು ಎನ್ನುವುದು ಅತಿಯಾದೀತು. ಆದರೆ ಸುಮ್ಮನೆ ಗೋಡೆ ನೋಡುತ್ತ ಕೂತವನಿಗೆ ಆ ಅವಕಾಶವೂ ಇಲ್ಲ.

ಅಮೆರಿಕದಲ್ಲಿ 2005ರಲ್ಲಿ 30 ರಾಜ್ಯಗಳ ಜೈಲುಗಳಿಂದ ಬಿಡುಗಡೆಯಾದವರಲ್ಲಿ ಮೂರನೇ ಎರಡರಷ್ಟು ಮಂದಿ ಮೂರೇ ವರ್ಷದೊಳಗೆ ಮತ್ತೆ ಬಂಧನಕ್ಕೊಳಗಾದರು. ಕೆಲಸ, ಓದಿಗೆ ಒತ್ತು ಕೊಡುವ ನಾರ್ವೆಯಲ್ಲಿ ಎರಡು ವರ್ಷದೊಳಗೆ ಮತ್ತೆ ಶಿಕ್ಷೆಗೊಳಗಾಗುವವರು ನೂರಕ್ಕೆ ಸುಮಾರು 20. ಒಂದು ಬಂಧನದ ಲೆಕ್ಕ, ಇನ್ನೊಂದು ಶಿಕ್ಷೆಯದು. ಪಕ್ಕಪಕ್ಕ ಇಟ್ಟು ತೂಗುವಾಗ ಎಚ್ಚರ ಬೇಕು. ಆದರೂ ಅಂತರ ಸಣ್ಣದಲ್ಲ.

ಕಾನೂನೂ ಈಗ ಸ್ವಲ್ಪ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಬಾರಿ ತಪ್ಪಿತಸ್ಥನಾದವನು ಅದನ್ನು ಹಿಂದಿರುಗಿಸಿದರೆ ಅವನಿಗೆ ಜೈಲಿಲ್ಲ, ಸಮುದಾಯ ಸೇವೆಯೇ ಶಿಕ್ಷೆ. ಆ ಅಡಿಕೆ ಕಳ್ಳನಿಗೂ ಇದು ಅನ್ವಯವಾದೀತು. ತಿದ್ದಿಕೊಳ್ಳಲು ದಾರಿ ಕೊಟ್ಟ ಇನ್ನೊಂದು ಉದಾಹರಣೆ ನಕ್ಸಲರದು. 2025ರ ಜನವರಿಯಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಸರ್ಕಾರ ಅವರಿಗೆ ಪುನರ್ವಸತಿ ಘೋಷಿಸಿತು, ಕೇಸುಗಳನ್ನು ಮಾತ್ರ ಕೈಬಿಡಲಿಲ್ಲ. ಅಮಾಸೆಬೈಲು, ಹೊಸಂಗಡಿ ಕಡೆಯ ಕಾಡಂಚಿನ ಜನ ವರ್ಷಗಟ್ಟಲೆ ಭಯದಲ್ಲಿ ಕಳೆದ ಮೇಲೆ ಬಂದ ದಾರಿ ಇದು.

ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ನೆರೆಕರೆಯವರು ಯಾರಾದರೂ ಬಂಧನದಲ್ಲಿದ್ದರೆ, ಅವರ ಆದಾಯ ಎಷ್ಟೇ ಇರಲಿ, ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕು ಅವರಿಗಿದೆ. ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯವಾಣಿ 15100. ಮನೆಯವರಿಗೆ ತಿಳಿಸಿ.